ನ್ಯಾರೋಬೋಟ್ ಲಾಕ್‌ನಲ್ಲಿ ಸಿಕ್ಕಿಹಾಕ್ಕೊಳ್ಳದ ಹಾಗೆ ಹತ್ತಿಸೋದು, ಇಳಿಸೋದು ಹೇಗೆ: ಹಂತ ಹಂತವಾಗಿ

ಇಂಗ್ಲೆಂಡಿನ ಕಾಲುವೆಗಳಲ್ಲಿ ನ್ಯಾರೋಬೋಟ್, ಅಂದ್ರೆ ಉದ್ದಕ್ಕಿರೋ ಕಿರಿದಾದ ಬೋಟ್, ಬಾಡಿಗೆಗೆ ತಗೊಂಡು ಹೋಗೋ ನಮ್ಮವರು, ಇತ್ತೀಚೆಗೆ ಸೆಕೆಂಡ್‌ಹ್ಯಾಂಡ್ ಬೋಟ್ ಕೊಂಡವರು, ಎಲ್ರೂ ನನಗೆ ಫೋನ್ ಮಾಡಿ ಕೇಳೋದು ಒಂದೇ ವಿಷಯ, ಲಾಕ್, ಅಂದ್ರೆ ನೀರು ತುಂಬಿಸಿ ಖಾಲಿ ಮಾಡಿ ಬೋಟನ್ನ ಹತ್ತಿಸೋ ಇಳಿಸೋ ತೊಟ್ಟಿ. ಟಿಲ್ಲರ್, ಅಂದ್ರೆ ಬೋಟ್ ತಿರುಗಿಸೋ ಹಿಡಿಕೋಲು, ಹಿಡಿಯೋದು ಅರ್ಧ ದಿನದಲ್ಲಿ ಕೈಗೆ ಬರತ್ತೆ, ಹೆಚ್ಚಂದ್ರೆ ಗಂಟೆಗೆ 4 ಮೈಲಿ ಸ್ಪೀಡು, ದಡಕ್ಕೆ ತಾಗಿದ್ರೂ ಒಂದಿಷ್ಟು ಬಣ್ಣ ಕೆರೆದು ಹೋಗತ್ತೆ ಅಷ್ಟೇ. ಲಾಕ್‌ನಲ್ಲಿ ಹಾಗಲ್ಲ. ಹದಿನೈದು ಇಪ್ಪತ್ತು ಟನ್ ತೂಕದ ಕಬ್ಬಿಣದ ಬೋಟು ಎರಡು ಗೋಡೆ ಮಧ್ಯ ನಿಂತಿರತ್ತೆ, ಕೆಳಗಿನ ನೀರು ಇಳೀತಾ ಇರತ್ತೆ, ಒಂದು ತುದಿ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಒಂದೆರಡು ನಿಮಿಷದಲ್ಲೇ ಬೋಟ್ ಮುಳುಗಬಹುದು.

ಕೇಳಿದವರೆಲ್ಲ ಮಾಡಿದ ತಪ್ಪು ಹೆಚ್ಚುಕಮ್ಮಿ ಒಂದೇ. ಪ್ಯಾಡಲ್ (ನೀರು ಬಿಡೋ ತೂಬು) ಎತ್ತಿ ಎಲ್ರೂ ನೀರು ನೋಡ್ತಾ ನಿಂತಿದ್ರು, ಇಲ್ಲಾ ಫೋಟೋ ತೆಗೀತಾ ಇದ್ರು, ಬೋಟ್ ಕಡೆ ಒಬ್ರೂ ನೋಡ್ತಿರಲಿಲ್ಲ. ಈ ತಪ್ಪು ನಾನೂ ಮಾಡಿದೀನಿ, ಮುಂದೆ ಹೇಳ್ತೀನಿ.

1. ಯಾವುದಕ್ಕೆ ಏನಂತಾರೆ ಅನ್ನೋದು ಮೊದಲು ತಿಳ್ಕೊಳ್ಳಿ

ಹೆಸರು ಗೊತ್ತಿಲ್ಲದಿದ್ರೆ ಗಾಬರಿ ಆದಾಗ "ಅದು, ಅದು ಇಳಿಸು" ಅಂತ ಕೂಗ್ತೀರ, ಆ ಕಡೆ ನಿಂತಿರೋರಿಗೆ ಏನೂ ಅರ್ಥ ಆಗಲ್ಲ.

ಲಾಕ್ ಅಂದ್ರೆ ಮೇಲಿನ ಕಾಲುವೆಗೂ ಕೆಳಗಿನ ಕಾಲುವೆಗೂ ಮಧ್ಯ ಇರೋ ತೊಟ್ಟಿ, ಎರಡೂ ತುದಿಗೆ ಗೇಟು. ಪ್ಯಾಡಲ್ ಅಂದ್ರೆ ನಮ್ಮ ಕೆರೆ ತೂಬು ಇದ್ದಂಗೆ, ಎತ್ತಿದ್ರೆ ನೀರು ಹರಿಯತ್ತೆ ಇಳಿಸಿದ್ರೆ ನಿಲ್ಲತ್ತೆ. ನೆಲದಲ್ಲಿ ಸುರಂಗದ ಮೂಲಕ ನೀರು ಬಿಡೋದು ಗ್ರೌಂಡ್ ಪ್ಯಾಡಲ್, ಗೇಟಿನಲ್ಲೇ ಕೂರಿಸಿರೋದು ಗೇಟ್ ಪ್ಯಾಡಲ್. ಇವೆರಡರ ವ್ಯತ್ಯಾಸ ನೆನಪಿಡಿ, ಹತ್ತುವಾಗ ಬೇಕಾಗತ್ತೆ. ಪ್ಯಾಡಲ್ ಎತ್ತೋಕೆ ಬಳಸೋ ಎಲ್ ಆಕಾರದ ಕಬ್ಬಿಣದ ಹಿಡಿ ವಿಂಡ್‌ಲಾಸ್. ಗೇಟಿನ ಮೇಲೆ ಉದ್ದಕ್ಕೆ ಚಾಚಿಕೊಂಡಿರೋ ಮರದ ತೊಲೆ ಬ್ಯಾಲೆನ್ಸ್ ಬೀಮ್, ಅದನ್ನ ತಳ್ಳಿಯೇ ಗೇಟು ತೆಗೆಯೋದು.

ಇನ್ನು ಸಿಲ್. ಸಿಲ್ ಅಂದ್ರೆ ಹೊಸ್ತಿಲು. ಮೇಲಿನ ಗೇಟಿನ ಬುಡದಲ್ಲಿ ಲಾಕ್ ಒಳಕ್ಕೆ ಚಾಚಿರೋ ಕಲ್ಲಿನದ್ದೋ ಕಾಂಕ್ರೀಟಿಂದೋ ಕಟ್ಟೆ. ಲಾಕ್ ತುಂಬಿದ್ದಾಗ ಅದು ನೀರಿನ ಕೆಳಗಿರತ್ತೆ, ಕಾಣೋದೇ ಇಲ್ಲ. ನೀರು ಇಳಿದ ಮೇಲೆ ನೋಡಿದ್ರೆ ಮೈ ಜುಂ ಅನ್ನತ್ತೆ, ಗೇಟಿಂದ ಎಷ್ಟೋ ಅಡಿ ಮುಂದಕ್ಕೆ ಬಂದಿರತ್ತೆ. ಎಲ್ಲೀವರೆಗೆ ಬಂದಿದೆ ಅನ್ನೋದಕ್ಕೆ ಲಾಕ್ ದಡದ ಮೇಲೆ ಬಿಳಿ ಗೆರೆ ಬಳಿದು ಸಿಲ್ ಅಂತ ಬರೆದಿರ್ತಾರೆ. ಕೆಲವು ಕಡೆ ಗೆರೆ ಸವೆದು ಹೋಗಿರತ್ತೆ, ಹುಲ್ಲು ಬೆಳೆದು ಮುಚ್ಚಿರತ್ತೆ. ಕಾಲಲ್ಲಿ ಸರಿಸಿ ಹುಡುಕಿ.

2. ಏನೇನು ಸಾಮಾನು ಬೇಕು

ವಿಂಡ್‌ಲಾಸ್ ಕನಿಷ್ಠ ಎರಡು, ಆದ್ರೆ ಮೂರಿರ್ಲಿ. ಒಂದು ಯಾವತ್ತಾದ್ರೂ ನೀರಿಗೆ ಬಿದ್ದೇ ಬೀಳತ್ತೆ, ಅದಕ್ಕೇ ಬೋಟ್‌ನವರು ಹಗ್ಗ ಕಟ್ಟಿದ ದೊಡ್ಡ ಆಯಸ್ಕಾಂತ ಇಟ್ಕೊಂಡಿರ್ತಾರೆ. ಅಲ್ಯೂಮಿನಿಯಂ ವಿಂಡ್‌ಲಾಸ್ ಹಗುರ ಅಂತ ಚೆನ್ನಾಗಿ ಕಾಣತ್ತೆ, ಆದ್ರೆ ನೀರಿಗೆ ಬಿದ್ರೆ ಆಯಸ್ಕಾಂತಕ್ಕೆ ಸಿಗಲ್ಲ ಅನ್ನೋದು ಗೊತ್ತಿರ್ಲಿ. ವಿಂಡ್‌ಲಾಸ್ ಕೂರಿಸೋ ಕಡ್ಡಿ, ಅಂದ್ರೆ ಸ್ಪಿಂಡಲ್, ಎಲ್ಲಾ ಕಾಲುವೆಯಲ್ಲೂ ಒಂದೇ ಅಳತೆ ಇರಲ್ಲ, ಎರಡು ಅಳತೆಯ ತೂತಿರೋ ವಿಂಡ್‌ಲಾಸ್ ಸಿಗತ್ತೆ, ಅದನ್ನೇ ತಗೊಳ್ಳಿ. ಸಡಿಲವಾಗಿ ಕೂರೋ ವಿಂಡ್‌ಲಾಸ್ ಅರ್ಧದಲ್ಲಿ ಜಾರಿ ಹಲ್ಲಿಗೋ ಮಣಿಕಟ್ಟಿಗೋ ಹೊಡೆಯತ್ತೆ.

ಹಗ್ಗ ಮೂರು: ಮುಂದೆ ಒಂದು, ಹಿಂದೆ ಒಂದು, ಚಾವಣಿ ನಡುವಿಂದ ಸೆಂಟರ್‌ಲೈನ್ ಒಂದು. ಸೆಂಟರ್‌ಲೈನ್ ನೀರಿಗೆ ಬಿದ್ರೂ ಪ್ರಾಪೆಲ್ಲರ್ ತನಕ ಮುಟ್ಟದಷ್ಟೇ ಉದ್ದ ಇರ್ಬೇಕು. ನಾನು ನೋಡಿದ ಪ್ರಾಪೆಲ್ಲರ್ ಸಿಕ್ಕುಗಳಲ್ಲಿ ಹೊರಗಿನ ಕಸಕ್ಕಿಂತ ಬೋಟಿನ ಸ್ವಂತ ಹಗ್ಗದ್ದೇ ಜಾಸ್ತಿ.

ಕೈಗ್ಲೌಸು, ಜಾರದ ಶೂ. ಚಪ್ಪಲಿ ಹಾಕ್ಕೊಂಡು ಲಾಕ್ ದಡದಲ್ಲಿ ಓಡಾಡೋದು ಖಂಡಿತ ಬೇಡ. ಅಲ್ಲಿನ ಕಲ್ಲಂಚು ನುಣ್ಣಗೆ ಸವೆದಿರತ್ತೆ, ಮಳೆ ಬಂದ್ರೆ ಪಾಚಿ ಬೇರೆ. ಮಕ್ಕಳಿಗೂ ಈಜು ಬರದವರಿಗೂ ಲೈಫ್‌ಜಾಕೆಟ್. ಲೈಫ್‌ಜಾಕೆಟ್ ಬೋಟಿನ ಕಪಾಟಿನಲ್ಲಿ ಇದ್ರೆ ಸಾಲದು, ಲಾಕ್ ಬರೋ ಮುಂಚೆಯೇ ಮೈ ಮೇಲಿರ್ಬೇಕು. ಕೆಲವು ಊರೊಳಗಿನ ಲಾಕ್‌ಗಳಲ್ಲಿ ಪ್ಯಾಡಲ್‌ಗೆ ಬೀಗ ಹಾಕಿರ್ತಾರೆ, ಅದಕ್ಕೆ ಟೀ ಆಕಾರದ ಹ್ಯಾಂಡ್‌ಕಫ್ ಕೀ ಬೇಕು. ಬಾಡಿಗೆ ಬೋಟಿನಲ್ಲಿ ಇದೆಯಾ ಅಂತ ಹೊರಡೋ ಮುಂಚೆ ಕೇಳಿ.

3. ಲಾಕ್ ತಲುಪೋ ಹತ್ತು ನಿಮಿಷ ಮುಂಚೆ

ಇದನ್ನ ಎಲ್ರೂ ಬಿಡ್ತಾರೆ. ಒಳಗಿನ ಕೆಲಸ ಮೊದಲು ಮುಗಿಸಿ. ಗ್ಯಾಸ್ ಒಲೆ ಆರಿಸಿ, ಕುದಿಯೋ ಸಾರು ಒಲೆ ಮೇಲೆ ಇದ್ರೆ ಇಳಿಸಿ ಸಿಂಕ್ ಒಳಗಿಡಿ. ಲಾಕ್ ಒಳಗೆ ಬೋಟ್ ಗೋಡೆಗೋ ಗೇಟಿಗೋ ತಾಗೇ ತಾಗತ್ತೆ, ಆಗ ಕುಕ್ಕರ್ ಕಾಲ ಮೇಲೆ ಬಿದ್ರೆ ಹತ್ತಿರದಲ್ಲಿ ರಸ್ತೆ ಕೂಡ ಇರಲ್ಲ. ಮುಂದಿನ ಬಾಗಿಲು ಮುಚ್ಚಿ. ಹಿಂದೆ ಎಂಜಿನ್ ಕೋಣೇಲಿ ವೀಡ್ ಹ್ಯಾಚ್ (ಪ್ರಾಪೆಲ್ಲರ್‌ಗೆ ಕೈ ಹಾಕೋ ಕಿಂಡಿ) ಮುಚ್ಚಳ ಬಿಗಿಯಾಗಿದೆಯಾ ನೋಡಿ, ಬೆಳಿಗ್ಗೆ ಪ್ರಾಪೆಲ್ಲರ್‌ನಿಂದ ಕಸ ತೆಗೆದು ಮುಚ್ಚಳ ಅರ್ಧಂಬರ್ಧ ಹಾಕಿಟ್ಟಿದ್ರೆ ಅಲ್ಲಿಂದಲೇ ನೀರು ನುಗ್ಗತ್ತೆ.

ಊರಿಂದ ಅಪ್ಪ ಅಮ್ಮ ಬಂದಿದ್ರೆ ಮುಂದಿನ ತೆರೆದ ಜಾಗದಲ್ಲಿ ಕೂತು ನೋಡೋಕೆ ಇಷ್ಟಪಡ್ತಾರೆ, ಕಾಲುವೇಲಿ ಅದೇ ಚಂದದ ಜಾಗ. ಲಾಕ್ ಬಂದಾಗ ಮಾತ್ರ ಅವರನ್ನ ದಡಕ್ಕೆ ಇಳಿಸಿ, ಗೇಟಿಂದ ದೂರ ನಿಲ್ಲಿಸಿ. ಇಳಿಯೋಕೆ ಕಷ್ಟ ಆಗೋ ಹಾಗಿದ್ರೆ ಒಳಗೆ ಕೂರಿಸಿ, ಹಿಂದಿನ ಬಾಗಿಲಿಗೆ ದಾರಿ ಬಿಡಿ. ಬೋಟಿನ ಅಂಚಿನ ಮೇಲೆ ಯಾರೂ ಕೈ ಇಟ್ಕೊಂಡು ಕೂರಬಾರದು, ಗೋಡೆಗೂ ಬೋಟಿಗೂ ಮಧ್ಯ ಬೆರಳು ಸಿಕ್ರೆ ಎಳ್ಕೊಳ್ಳೋಕೆ ಟೈಮ್ ಇರಲ್ಲ. ಬೋಟ್ ಅಡ್ಡ ಹೋದಾಗ ಕಾಲು ಚಾಚಿ ಗೋಡೆ ತಳ್ಳೋ ಅಭ್ಯಾಸವಂತೂ ಇವತ್ತೇ ಬಿಟ್ಬಿಡಿ.

ಕಿರಿದಾದ ಲಾಕ್ ಆದ್ರೆ ಪಕ್ಕದಲ್ಲಿ ನೇತಾಡೋ ಫೆಂಡರ್ (ಗುದ್ದು ತಡೆಯೋ ಮೆತ್ತೆ) ಎಲ್ಲಾ ಮೇಲೆತ್ತಿ. ಲಾಕ್ ಅಗಲ ಸುಮಾರು 7 ಅಡಿ, ಬೋಟ್ 6 ಅಡಿ 10 ಇಂಚು, ಫೆಂಡರ್‌ಗೆ ಅಲ್ಲಿ ಜಾಗವೇ ಇಲ್ಲ. ಬೋಟ್ ಬೆಣೆ ಹೊಡೆದ ಹಾಗೆ ಸಿಕ್ಕಿಕೊಳ್ಳತ್ತೆ.

ಆಮೇಲೆ ಕೆಲಸ ಹಂಚ್ಕೊಳ್ಳಿ. ಟಿಲ್ಲರ್ ಯಾರು, ಪ್ಯಾಡಲ್ ಯಾರು. ಎಂಜಿನ್ ಸದ್ದಲ್ಲಿ ಮಾತು ಕೇಳಲ್ಲ, ಅದಕ್ಕೆ ಕೈಸನ್ನೆ ಗೊತ್ತು ಮಾಡ್ಕೊಳ್ಳಿ. ನಮ್ಮನೇಲಿ ಎರಡೇ ಸನ್ನೆ: ಹೆಬ್ಬೆರಳು ಮೇಲೆ ಮಾಡಿದ್ರೆ ಪ್ಯಾಡಲ್ ಎತ್ತು, ಎರಡೂ ಕೈ ತಲೆ ಮೇಲೆ ಕತ್ತರಿ ಥರ ಅಡ್ಡ ಹಿಡಿದ್ರೆ ಎಲ್ಲಾ ಪ್ಯಾಡಲ್ ಈಗಲೇ ಇಳಿಸು. ಎರಡನೇದನ್ನ ಯಾರು ತೋರಿಸಿದ್ರೂ ಯಾಕೆ ಅಂತ ಕೇಳೋ ಹಾಗಿಲ್ಲ, ಮೊದಲು ಇಳಿಸ್ಬೇಕು.

4. ಪ್ಯಾಡಲ್ ಎತ್ತೋ ಸರಿಯಾದ ರೀತಿ

ವಿಂಡ್‌ಲಾಸ್ ಸ್ಪಿಂಡಲ್ ಮೇಲೆ ಪೂರ್ತಿ ಒಳಕ್ಕೆ ತಳ್ಳಿ. ಹಲ್ಲುಚಕ್ರಕ್ಕೆ ಕಚ್ಕೊಳ್ಳೋ ಕೊಕ್ಕೆ ಸರಿಯಾಗಿ ಕೂತಿದೆಯಾ ನೋಡಿ, ಆಮೇಲೆ ತಿರುಗಿಸಿ, ಒಂದೊಂದು ಹಲ್ಲಿಗೂ ಟಕ್ ಟಕ್ ಸದ್ದು ಬರ್ಬೇಕು. ಸದ್ದು ಬರ್ತಿಲ್ಲ ಅಂದ್ರೆ ಕೊಕ್ಕೆ ಕಚ್ಚಿಲ್ಲ ಅಂತ ಅರ್ಥ.

ಎತ್ತಿದ ತಕ್ಷಣ ವಿಂಡ್‌ಲಾಸ್ ತೆಗೆದು ಕೈಯಲ್ಲಿಟ್ಕೊಳ್ಳಿ. ಸ್ಪಿಂಡಲ್ ಮೇಲೆ ಬಿಟ್ಟು ಗೇಟ್ ಕಡೆ ಹೋಗೋದು ತುಂಬಾ ಜನ ಮಾಡೋ ತಪ್ಪು. ಕೊಕ್ಕೆ ಜಾರಿದ್ರೆ ಪ್ಯಾಡಲ್ ಧಡ್ ಅಂತ ಬೀಳತ್ತೆ, ವಿಂಡ್‌ಲಾಸ್ ಫ್ಯಾನ್ ಥರ ಗಿರಗಿರ ತಿರುಗತ್ತೆ, ಹಿಡಿಯೋಕೆ ಹೋದ್ರೆ ಕೈ ಮುರಿಯತ್ತೆ. ತಿರುಗೋ ವಿಂಡ್‌ಲಾಸ್ ಮುಟ್ಟಬೇಡಿ, ಹಿಂದೆ ಸರೀರಿ, ನಿಂತ ಮೇಲೆ ನೋಡಿದ್ರಾಯ್ತು.

ಇಳಿಸುವಾಗ ಒಂದು ಕೈಯಿಂದ ಭಾರ ಹಿಡಿದು ಇನ್ನೊಂದು ಕೈಯಿಂದ ಕೊಕ್ಕೆ ಎತ್ತಿ, ಆಮೇಲೆ ತಿರುಗಿಸ್ತಾ ಇಳಿಸಿ. ಕೊಕ್ಕೆ ಎತ್ತಿ ಹಾಗೇ ಬೀಳಿಸೋದು ಸುಲಭ, ಆದ್ರೆ ಮರ ಒಡೆಯತ್ತೆ, ಮುಂದಿನವರಿಗೆ ಆ ಪ್ಯಾಡಲ್ ಕೆಟ್ಟಿರತ್ತೆ.

ಗ್ರ್ಯಾಂಡ್ ಯೂನಿಯನ್ ಕಾಲುವೆಯ ಹ್ಯಾಟನ್‌ನಲ್ಲಿ ಒಂದರ ಮೇಲೊಂದು 21 ಲಾಕ್ ಇದೆ, ಅಲ್ಲಿ ಪ್ಯಾಡಲ್ ಗೇರ್ ದಪ್ಪ ಕಂಬದ ಥರ ಮುಚ್ಚಿಕೊಂಡಿರತ್ತೆ, ತುಂಬಾ ಸುತ್ತು ತಿರುಗಿಸ್ಬೇಕು, ಇಳಿಸೋಕೂ ಅಷ್ಟೇ. ಅಂಥ ಕಡೆ ತುರ್ತಿನಲ್ಲಿ ಬೇಗ ಇಳಿಸೋಕೆ ಆಗಲ್ಲ, ಹಾಗಾಗಿ ಎತ್ತುವಾಗಲೇ ನಿಧಾನ.

5. ಮೇಲಕ್ಕೆ ಹತ್ತೋದು

ಒಂದು. ಲಾಕ್‌ಗಿಂತ ಮೊದಲೇ ಇರೋ ಕಟ್ಟೆ ಹತ್ತಿರ ಬೋಟ್ ನಿಲ್ಲಿಸಿ, ಪ್ಯಾಡಲ್ ಮಾಡೋರು ಇಳೀಲಿ. ಇಳಿಯೋದು ಅಂದ್ರೆ ಹೆಜ್ಜೆ ಇಟ್ಟು ಇಳಿಯೋದು, ಹಾರೋದಲ್ಲ. ಲಾಕ್ ತುಂಬಿದೆಯಾ ಖಾಲಿ ಇದೆಯಾ ನೋಡಿ. ತುಂಬಿದ್ದು, ಮೇಲಿಂದ ಯಾವುದಾದ್ರೂ ಬೋಟ್ ಬರೋದು ಕಂಡ್ರೆ ಖಾಲಿ ಮಾಡ್ಬೇಡಿ, ಅವರು ಮೊದಲು ಇಳೀಲಿ. ಸಣ್ಣ ಲಾಕ್ ಒಂದ್ಸಲ ಖಾಲಿ ಮಾಡಿದ್ರೂ ಸುಮಾರು ಒಂದು ಲಕ್ಷ ಲೀಟರ್ ನೀರು ಕೆಳಕ್ಕೆ ಹೋಗತ್ತೆ.

ಎರಡು. ಮೇಲಿನ ಗೇಟು, ಮೇಲಿನ ಪ್ಯಾಡಲ್ ಎಲ್ಲಾ ಮುಚ್ಚಿದೆಯಾ ನಡೆದು ಹೋಗಿ ನೋಡಿ, ದೂರದಿಂದ ನೋಡಿದ್ರೆ ಗೊತ್ತಾಗಲ್ಲ. ಆಮೇಲೆ ಕೆಳಗಿನ ಪ್ಯಾಡಲ್ ಎತ್ತಿ ಲಾಕ್ ಖಾಲಿ ಮಾಡಿ.

ಮೂರು. ನೀರು ಎರಡೂ ಕಡೆ ಸಮ ಆದ್ಮೇಲೆ ಬ್ಯಾಲೆನ್ಸ್ ಬೀಮ್‌ಗೆ ಬೆನ್ನು ಕೊಟ್ಟು, ಕಾಲು ನೆಲದ ಇಟ್ಟಿಗೆ ಸಾಲಿಗೆ ಊರಿ ನಿಧಾನ ಒತ್ತಿ. ಸಮ ಆಗೋವರೆಗೆ ನಾಲ್ಕು ಜನ ಸೇರಿದ್ರೂ ಗೇಟು ಅಲ್ಲಾಡಲ್ಲ, ಬೆನ್ನು ಉಳುಕತ್ತೆ ಅಷ್ಟೇ. ಇನ್ನೇನು ತೆರೆಯತ್ತೆ ಅನ್ನುವಾಗ ಗಾಣದ ಎತ್ತು ನಡೆದ ಹಾಗೆ ನಿಧಾನಕ್ಕೆ ಒಂದೊಂದೇ ಹೆಜ್ಜೆ ಹಿಂದಕ್ಕೆ.

ನಾಲ್ಕು. ಬೋಟ್ ನಿಧಾನ ಒಳಗೆ ಬರ್ಲಿ. ಹಿಂದೆ ಗೇಟು ಮುಚ್ಚಿ, ಕೆಳಗಿನ ಪ್ಯಾಡಲ್ ಇಳಿಸಿ. ಎರಡೂ ಕಡೆ ಇದ್ರೆ ಎರಡನ್ನೂ. ಒಂದನ್ನ ಮರೆತ್ರೆ ಮೇಲಿಂದ ಎಷ್ಟೇ ನೀರು ಬಿಟ್ರೂ ಲಾಕ್ ತುಂಬಲ್ಲ, ಕಾಲು ಗಂಟೆ ಕಾದು ಆಮೇಲೆ ಗೊತ್ತಾಗತ್ತೆ, ಅಷ್ಟರಲ್ಲಿ ಮೇಲಿನ ಕಾಲುವೆ ನೀರು ಇಳಿದಿರತ್ತೆ.

ಐದು. ಇಲ್ಲಿ ಅವಸರ ಬೇಡ. ಟಿಲ್ಲರ್‌ನಲ್ಲಿರೋರು ಹೆಬ್ಬೆರಳು ತೋರಿಸೋವರೆಗೆ ಪ್ಯಾಡಲ್ ಮುಟ್ಟಬೇಡಿ. ಮೊದಲು ಗ್ರೌಂಡ್ ಪ್ಯಾಡಲ್, ಅದೂ ಕಾಲು ಭಾಗ. ನೀರು ಒಳಗೆ ನುಗ್ಗಿದಾಗ ಬೋಟ್ ಮೊದಲು ಸ್ವಲ್ಪ ಹಿಂದಕ್ಕೆ ಹೋಗತ್ತೆ, ಆಮೇಲೆ ಯಾರೋ ಎಳೆದ ಹಾಗೆ ಜೋರಾಗಿ ಮುಂದಕ್ಕೆ ಬರತ್ತೆ. ಇದು ಗೊತ್ತಿಲ್ಲದವರು ಹಿಂದಕ್ಕೆ ಹೋಯ್ತು ಅಂತ ಮುಂದಕ್ಕೆ ಗೇರ್ ಹಾಕ್ತಾರೆ, ಎರಡೂ ಸೇರಿ ಮೂತಿ ಹೋಗಿ ಸಿಲ್‌ಗೆ ಗುದ್ದತ್ತೆ. ಬೋಟ್ ತಡೆಯೋಕೆ ಹಿಂದಿನ ಗೇರ್ ಸ್ವಲ್ಪ ಸಾಕು. ಬೋಟ್ ನಿಂತ ಮೇಲೆ ಅರ್ಧ, ಆಮೇಲೆ ಪೂರ್ತಿ.

ಅಗಲದ ಲಾಕ್‌ನಲ್ಲಿ, ಅಂದ್ರೆ 14 ಅಡಿಯದ್ದರಲ್ಲಿ, ಒಂದೇ ಬೋಟ್ ಇದ್ರೆ ಬೋಟ್ ಯಾವ ಗೋಡೆಗಿದೆಯೋ ಅದೇ ಕಡೆಯ ಗ್ರೌಂಡ್ ಪ್ಯಾಡಲ್ ಮೊದಲು ಎತ್ತಿ. ಕೇಳೋಕೆ ತಲೆಕೆಳಗು ಅನ್ಸತ್ತೆ, ಆದ್ರೆ ನೀರು ಬೋಟಿನ ಕೆಳಗೆ ಹಾದು ಎದುರು ಗೋಡೆಗೆ ಬಡಿದು ವಾಪಸ್ ಬಂದು ಬೋಟನ್ನ ಅದರ ಗೋಡೆಗೇ ಒತ್ತಿ ಹಿಡಿಯತ್ತೆ. ಬ್ರೌನ್‌ಸ್ಟನ್‌ನ ಆರು ಲಾಕ್‌ನಲ್ಲಿ ಇದನ್ನ ಮಾಡಿ ನೋಡಿ, ಹಗ್ಗ ಹಿಡಿದವರಿಗೆ ಎಷ್ಟು ಹಗುರ ಆಗತ್ತೆ ಅಂತ ತಕ್ಷಣ ಗೊತ್ತಾಗತ್ತೆ.

ಆರು. ಗೇಟ್ ಪ್ಯಾಡಲ್ ಕೊನೆಗೆ. ಗೇಟಿನಲ್ಲಿರೋ ಆ ಕಿಂಡಿ ಲಾಕ್ ಒಳಗಿನ ನೀರಲ್ಲಿ ಪೂರ್ತಿ ಮುಳುಗೋವರೆಗೆ ಮುಟ್ಟಬೇಡಿ. ಮೊದಲೇ ಎತ್ತಿದ್ರೆ ಜಲಪಾತದ ಹಾಗೆ ನೀರು ನೇರ ಬೋಟಿನ ಮುಂಭಾಗಕ್ಕೆ ಸುರಿಯತ್ತೆ, ಬಾಗಿಲು ತೆಗೆದಿದ್ರೆ ಒಳಗೆ ಹಾಸಿಗೆ ತನಕ.

ಏಳು. ಬೋಟ್ ಏರ್ತಾ ಇರೋವಷ್ಟು ಹೊತ್ತೂ ಮೂತಿ ನೋಡ್ತಿರಿ. ಮುಂದಿನ ಫೆಂಡರ್ ಮೇಲಿನ ಗೇಟಿನ ಅಡ್ಡಪಟ್ಟಿ ಕೆಳಗೆ ಸಿಕ್ಕಿಕೊಂಡ್ರೆ ಬೋಟಿನ ಹಿಂಭಾಗ ಏರತ್ತೆ, ಮೂತಿ ಏರಲ್ಲ, ನೀರು ಅದರ ಮೇಲೆ ಹತ್ತತ್ತೆ.

ಸಮ ಆದ್ಮೇಲೆ ಗೇಟು ತೆಗೀರಿ, ಬೋಟ್ ಹೊರಗೆ ಹೋಗ್ಲಿ, ಪ್ಯಾಡಲ್ ಇಳಿಸಿ, ಗೇಟು ಮುಚ್ಚಿ.

6. ಕೆಳಕ್ಕೆ ಇಳಿಯೋದು

ಇಳಿಯೋದು ಶಾಂತವಾಗಿರತ್ತೆ, ಬೋಟ್ ಅಷ್ಟು ಎಳೆದಾಡಲ್ಲ, ಅದಕ್ಕೇ ಜನ ಮೈಮರೀತಾರೆ. ನನ್ನ ಲೆಕ್ಕದಲ್ಲಿ ಹತ್ತೋದಕ್ಕಿಂತ ಇಳಿಯೋದೇ ಅಪಾಯ.

ಒಂದು. ಲಾಕ್ ತುಂಬಿಸಿ, ಮೇಲಿನ ಗೇಟು ತೆಗೆದು ಬೋಟ್ ಒಳಗೆ ತನ್ನಿ. ಹಿಂದೆ ಗೇಟು ಮುಚ್ಚಿ, ಮೇಲಿನ ಪ್ಯಾಡಲ್ ಎಲ್ಲಾ ಇಳಿಸಿ.

ಎರಡು. ಬೋಟಿನ ಬಾಲದ ತುದಿ ಬಿಳಿ ಗೆರೆಗಿಂತ ಚೆನ್ನಾಗಿ ಮುಂದೆ ಬರ್ಲಿ. ನೀವು ನಿಂತಿರೋ ಜಾಗ ಗೆರೆ ದಾಟಿದ್ರೆ ಸಾಲದು, ನಿಮ್ಮ ಹಿಂದೆ ರಡ್ಡರ್ (ಚುಕ್ಕಾಣಿ) ಇದೆ, ಫೆಂಡರ್ ಇದೆ, ಅದೂ ದಾಟ್ಬೇಕು. ಹಾಗಂತ ಮೂತಿ ಹೋಗಿ ಕೆಳಗಿನ ಗೇಟಿಗೆ ಅಂಟಿಕೊಂಡಿರಬಾರದು, ಅಲ್ಲೂ ಫೆಂಡರ್ ಸಿಕ್ಕಿಕೊಳ್ಳತ್ತೆ. 70 ಅಡಿ ಬೋಟ್ ಆದ್ರೆ ಹಿಂದೆ ಮುಂದೆ ಎರಡೂ ಕಡೆ ಜಾಗ ಕಮ್ಮಿ, ಮುಂದೆ ನೋಡೋಕೆ ದಡದಲ್ಲಿ ಇನ್ನೊಬ್ರು ಇರ್ಲೇಬೇಕು.

ಮೂರು. ಹಗ್ಗ ಕಟ್ಟಬೇಡಿ. ಬೇಕಾದ್ರೆ ದಡದ ಕಂಬಕ್ಕೆ ಒಂದು ಸುತ್ತು ಹಾಕಿ ತುದಿ ಕೈಯಲ್ಲಿ ಹಿಡ್ಕೊಳ್ಳಿ, ನೀರು ಇಳಿದ ಹಾಗೆ ಬಿಡ್ತಾ ಹೋಗಿ. ಗಂಟು ಹಾಕಿ ಟೀ ಕುಡಿಯೋಕೆ ಒಳಗೆ ಹೋದ್ರೆ ಬೋಟ್ ಹಗ್ಗಕ್ಕೆ ನೇತಾಡತ್ತೆ, ಒಂದು ಕಡೆಗೆ ವಾಲತ್ತೆ. ಆಮೇಲೆ ಗಂಟು ಬಿಚ್ಚೋಕೂ ಆಗಲ್ಲ, ಅಷ್ಟು ಬಿಗಿದಿರತ್ತೆ, ಚಾಕು ಹುಡುಕ್ಬೇಕು.

ನಾಲ್ಕು. ಕೆಳಗಿನ ಪ್ಯಾಡಲ್ ಅರ್ಧ ಎತ್ತಿ ನಿಲ್ಲಿ. ಬಾಲ ಇಳೀತಿದೆಯಾ? ಮೂತಿ ಇಳೀತಿದೆಯಾ? ಎರಡೂ ಒಂದೇ ಸಮ ಇಳೀತಿದ್ರೆ ಪೂರ್ತಿ ಎತ್ತಿ. ಟಿಲ್ಲರ್‌ನಲ್ಲಿರೋರು ಗೆರೆಗೆ ನೇರವಾಗಿ ಗೋಡೆ ಮೇಲೆ ಒಂದು ಗುರುತು ಹಿಡ್ಕೊಂಡು, ಕಲ್ಲಿನ ಬಿರುಕೋ ಹಾವಸೆಯೋ ಏನಾದ್ರೂ, ಬೋಟ್ ಅದಕ್ಕಿಂತ ಹಿಂದೆ ಬರ್ತಿದೆಯಾ ಅಂತ ನೋಡ್ತಾನೇ ಇರ್ಲಿ. ಟಿಲ್ಲರ್ ಬಿಟ್ಟು ದಡಕ್ಕೆ ಬರೋ ಹಾಗಿಲ್ಲ.

ನಾನು ಬಂದಿದ್ದೆ. ಬೋಟ್ ಕೊಂಡ ಮೊದಲನೇ ವರ್ಷ, ದಕ್ಷಿಣ ಆಕ್ಸ್‌ಫರ್ಡ್ ಕಾಲುವೆಯ ನ್ಯಾಪ್ಟನ್‌ನಲ್ಲಿ ಇಳೀತಾ ಇದ್ವಿ. ಗೇಟು ಮುಚ್ಚೋಕೆ ನನ್ನ ಹೆಂಡ್ತಿಗೆ ಭಾರ ಆಯ್ತು ಅಂತ ನಾನು ದಡಕ್ಕೆ ಹತ್ತಿ ತಳ್ಳಿದೆ, ವಾಪಸ್ ಬೋಟಿಗೆ ಬರೋ ಮುಂಚೆ ಅವಳು ಕೆಳಗೆ ಹೋಗಿ ಪ್ಯಾಡಲ್ ಎತ್ತಿದ್ಲು, ನಾನೇ ಎತ್ತು ಅಂದಿದ್ದೆ. ಬೋಟ್ ತನ್ನಷ್ಟಕ್ಕೆ ಎರಡು ಮೂರು ಅಡಿ ಹಿಂದಕ್ಕೆ ತೇಲಿ ಬಂದಿದ್ದು ಇಬ್ಬರೂ ನೋಡ್ಲಿಲ್ಲ. ಮೊದಲು ಗೊತ್ತಾಗಿದ್ದು ಸದ್ದಿನಿಂದ. ಅಡುಗೆ ಕಟ್ಟೆ ಮೇಲಿದ್ದ ಸ್ಟೀಲ್ ಲೋಟ ಸರ್ರನೆ ಜಾರಿ ಸಿಂಕಿಗೆ ಬಿದ್ದ ಸದ್ದು. ತಿರುಗಿ ನೋಡಿದ್ರೆ ಬಾಲದ ಹತ್ತಿರ ಬೋಟಿನ ಕಪ್ಪು ಮೈ ನೀರಿಂದ ಒಂದು ಗೇಣು ಮೇಲೆದ್ದಿದೆ, ಯಾವತ್ತೂ ಹೊರಗೆ ಕಾಣದ ಜಾಗ, ಅಲ್ಲಿಂದ ನೀರು ತೊಟ್ಟಿಕ್ತಾ ಇದೆ, ಮೂತಿ ಕೆಳಗೆ ಬಾಗಿದೆ. ನಾನು ಕೂಗಿದೆ, ಅವಳು ಎರಡೂ ಪ್ಯಾಡಲ್ ಬಿಟ್ಲು. ಆಮೇಲೆ ಮೇಲಿನ ಪ್ಯಾಡಲ್ ಸ್ವಲ್ಪವೇ ಎತ್ತಿ ನೀರು ತುಂಬಿಸಿದ್ವಿ, ಬೋಟ್ ಕಲ್ಲಿಂದ ಕಳಚಿಕೊಂಡಾಗ ಆದ ಧಡಲ್ ಸದ್ದು ಇನ್ನೂ ಕಿವಿಯಲ್ಲಿದೆ. ರಡ್ಡರ್ ಅದರ ಕೆಳಗಿನ ಬಟ್ಟಲಿಂದ ಎದ್ದು ಹೊರಗೆ ಬಂದಿತ್ತು, ಟಿಲ್ಲರ್ ತಿರುಗಿಸಿದ್ರೂ ಬೋಟ್ ತಿರುಗ್ತಿರಲಿಲ್ಲ. ಇನ್ನೊಂದು ಅರ್ಧ ನಿಮಿಷ ತಡ ಆಗಿದ್ರೆ ಬೋಟೇ ಇರ್ತಿರಲಿಲ್ಲ.

ಐದು. ನೀರು ಸಮ ಆದ್ಮೇಲೆ ಗೇಟು ತೆಗೆದು ಹೊರಗೆ. ಹೊರಡುವಾಗ ಮೇಲಿನ ಗೇಟಿನ ಸಂದಿಂದ ಬಾಲದ ಮೇಲೆ ನೀರು ಚಿಮ್ಮತ್ತೆ, ಅದಕ್ಕೆ ಹೆದರಿ ಜೋರಾಗಿ ಓಡಿಸಬೇಡಿ.

7. ಈ ಲಕ್ಷಣ ಕಂಡ್ರೆ ತಕ್ಷಣ ನಿಲ್ಲಿಸಿ

ಒಂದು ತುದಿ ಇಳೀತಿದೆ ಇನ್ನೊಂದು ಇಳೀತಿಲ್ಲ, ಅಥವಾ ಏರ್ತಿಲ್ಲ. ಹಗ್ಗ ತಂತಿ ಥರ ಬಿಗಿದು ಕಿರ್ ಅಂತಿದೆ. ಒಳಗೆ ಸಾಮಾನು ಜಾರ್ತಿದೆ. ಫೆಂಡರ್ ಮೇಲ್ಮುಖ ಮಡಚಿಕೊಂಡಿದೆ. ಕಬ್ಬಿಣ ಕಲ್ಲಿಗೆ ಉಜ್ಜೋ ಸದ್ದು ನಿಂತು ಒಮ್ಮೆಲೇ ಎಲ್ಲಾ ಸ್ತಬ್ಧ ಆಯ್ತು ಅಂದ್ರೂ ಅನುಮಾನ ಪಡಿ, ಕಿರಿದಾದ ಲಾಕ್‌ನಲ್ಲಿ ಬೋಟ್ ಗೋಡೆಗಳ ಮಧ್ಯ ಕಚ್ಚಿಕೊಂಡಾಗ ಹಾಗೇ ಆಗೋದು.

ಹತ್ತು ನಿಮಿಷ ಆದ್ರೂ ನೀರಿನ ಮಟ್ಟ ಬದಲಾಗ್ತಿಲ್ಲ ಅಂದ್ರೆ ಅದು ಅಪಾಯ ಅಲ್ಲ, ಇನ್ನೊಂದು ತುದಿಯಲ್ಲಿ ಪ್ಯಾಡಲ್ ತೆರೆದಿದೆ ಅಷ್ಟೇ, ಹೋಗಿ ನೋಡಿ.

8. ಸಿಕ್ಕಿಹಾಕ್ಕೊಂಡ್ರೆ ಏನು ಮಾಡ್ಬೇಕು

ಇದನ್ನ ಬರೆದು ಬೋಟಿನ ಹಿಂದಿನ ಬಾಗಿಲಿಗೆ ಅಂಟಿಸಿ. ಮೊದಲು ತೆರೆದಿರೋ ಎಲ್ಲಾ ಪ್ಯಾಡಲ್ ಮುಚ್ಚಿ. ಬೋಟ್ ತಳ್ಳೋದು, ಹಗ್ಗ ಎಳೆಯೋದು, ಗೇರ್ ಹಾಕೋದು ಯಾವುದೂ ಮೊದಲಲ್ಲ, ನೀರು ನಿಲ್ಲಿಸೋದು ಮೊದಲು.

ಇಳೀತಾ ಸಿಕ್ಕಿಕೊಂಡಿದ್ರೆ, ಕೆಳಗಿನದ್ದು ಮುಚ್ಚಿದ ಮೇಲೆ ಮೇಲಿನ ಪ್ಯಾಡಲ್ ನಿಧಾನ ಎತ್ತಿ ನೀರು ವಾಪಸ್ ತುಂಬಿಸಿ. ನಿಧಾನ ಅಂದಿದ್ದು ಯಾಕಂದ್ರೆ ಬಾಲ ಮೇಲಿದ್ದಾಗ ಮೂತಿ ತಗ್ಗಿರತ್ತೆ, ನೀರು ರಭಸವಾಗಿ ಬಂದ್ರೆ ಮುಂದಿನ ಬಾಗಿಲಿಂದ ಒಳಗೆ ನುಗ್ಗತ್ತೆ. ಹತ್ತುತಾ ಮೂತಿ ಸಿಕ್ಕಿಕೊಂಡಿದ್ರೆ ಇದರ ಉಲ್ಟಾ: ಮೇಲಿನ ಪ್ಯಾಡಲ್ ಮುಚ್ಚಿ, ಕೆಳಗಿನದ್ದು ತೆಗೆದು ಮಟ್ಟ ಇಳಿಸಿ.

ಒಳಗೆ ಜನ ಇದ್ರೆ ಸುರಕ್ಷಿತವಾಗಿ ಬರೋಕೆ ಆಗೋ ಕಡೆಯಿಂದ ಹೊರಗೆ ಕರೆಸಿ. ಫೋನ್, ಪಾಸ್‌ಪೋರ್ಟ್, ಲ್ಯಾಪ್‌ಟಾಪ್ ತರೋಕೆ ಯಾರೂ ಮತ್ತೆ ಒಳಗೆ ಹೋಗ್ಬಾರದು. ಯಾರಾದ್ರೂ ನೀರಿಗೆ ಬಿದ್ರೆ ಎಂಜಿನ್ ಆಫ್, ಪ್ಯಾಡಲ್ ಎಲ್ಲಾ ಬಂದ್, ಹಗ್ಗ ಎಸೀರಿ, ಗೋಡೆ ಏಣಿ ಕಡೆ ಬರೋಕೆ ಹೇಳಿ. ನೀವೂ ಹಾರಬೇಡಿ. ಜೀವಕ್ಕೆ ಅಪಾಯ ಅನ್ನಿಸಿದ್ರೆ ತುರ್ತು ನಂಬರ್ 999ಕ್ಕೆ ಫೋನ್ ಮಾಡಿ. ಲಾಕ್‌ಗೆ ಹೆಸರೋ ನಂಬರೋ ಇರತ್ತೆ, ಗೇಟಿನ ಮೇಲೋ ಸೇತುವೆ ಮೇಲೋ ಬರೆದಿರ್ತಾರೆ, ಪ್ರತೀ ಲಾಕ್‌ಗೂ ಬರುವಾಗಲೇ ಅದನ್ನ ಓದಿಟ್ಕೊಂಡಿರಿ, ಆಂಬುಲೆನ್ಸ್‌ನವರಿಗೆ ಹೊಲದ ಮಧ್ಯ ಇದೀವಿ ಅಂದ್ರೆ ಗೊತ್ತಾಗಲ್ಲ.

ಬೋಟ್ ಬಿಡಿಸಿಕೊಂಡ ಮೇಲೆ ಹಾಗೇ ಮುಂದೆ ಹೋಗಬೇಡಿ. ರಡ್ಡರ್ ತಿರುಗತ್ತಾ, ಎಂಜಿನ್ ಕೆಳಗಿನ ತಗ್ಗಿನಲ್ಲಿ ನೀರು ಸೇರಿದೆಯಾ ನೋಡಿ. ವೀಡ್ ಹ್ಯಾಚ್‌ಗೆ ಕೈ ಹಾಕೋ ಮುಂಚೆ ಎಂಜಿನ್ ಆಫ್ ಮಾಡಿ ಕೀ ನಿಮ್ಮ ಜೇಬಲ್ಲಿರ್ಲಿ.

9. ಮೆಟ್ಟಿಲು ಲಾಕ್ ಬಂದ್ರೆ

ಕೆಲವು ಕಡೆ ಒಂದು ಲಾಕಿನ ಮೇಲಿನ ಗೇಟೇ ಮುಂದಿನ ಲಾಕಿನ ಕೆಳಗಿನ ಗೇಟು, ಮಧ್ಯ ಕಾಲುವೆಯೇ ಇಲ್ಲ. ಸ್ಟೇರ್‌ಕೇಸ್ ಅಂತಾರೆ. ಬಿಂಗ್ಲಿಯಲ್ಲಿ ಐದು, ಫಾಕ್ಸ್‌ಟನ್‌ನಲ್ಲಿ ಐದೈದರ ಎರಡು ಸಾಲು. ಎರಡೂ ಕಡೆ ಲಾಕ್ ಕೀಪರ್ ಇರ್ತಾರೆ, ಬೋಟ್ ಕೆಳಗೋ ಮೇಲೋ ಕಟ್ಟಿ ನಡೆದು ಹೋಗಿ ಅವರನ್ನ ಕಂಡು ಮಾತಾಡದೆ ಒಳಗೆ ನುಗ್ಗಬೇಡಿ.

ಬಿಂಗ್ಲಿಯಂಥ ಕಡೆ ಹತ್ತುವಾಗ ಕೆಳಗಿನ ಒಂದು ಖಾಲಿ, ಉಳಿದದ್ದೆಲ್ಲಾ ತುಂಬಿರ್ಬೇಕು. ಇಳಿಯುವಾಗ ಮೇಲಿನದ್ದು ತುಂಬಿ ಉಳಿದದ್ದೆಲ್ಲಾ ಖಾಲಿ ಇರ್ಬೇಕು. ಇದು ತಪ್ಪಿದ್ರೆ ಒಂದೋ ಕೆಳಗಿನ ತೊಟ್ಟಿ ದಡ ಮೀರಿ ಹರಿಯತ್ತೆ, ಇಲ್ಲಾ ಬೋಟ್ ನೀರಿಲ್ಲದೆ ತಳಕ್ಕೆ ಕೂರತ್ತೆ. ಫಾಕ್ಸ್‌ಟನ್‌ನಲ್ಲಿ ಪಕ್ಕದ ಕೊಳಗಳಿಗೆ ನೀರು ಹೋಗೋ ವ್ಯವಸ್ಥೆ ಇದೆ, ಪ್ಯಾಡಲ್‌ಗೆ ಕೆಂಪು ಬಿಳಿ ಬಣ್ಣ ಹಚ್ಚಿದಾರೆ, ಕೆಂಪು ಮೊದಲು ಬಿಳಿ ಆಮೇಲೆ.

10. ಮೊದಲ ಅಭ್ಯಾಸ ಎಲ್ಲಿ ಮಾಡೋದು

ಹೊಸಬರಿಗೆ ನಾನು ಹೇಳೋದು ಹಿಲ್‌ಮಾರ್ಟನ್. ರಗ್ಬಿ ಪಕ್ಕ, ಉತ್ತರ ಆಕ್ಸ್‌ಫರ್ಡ್ ಕಾಲುವೆಯಲ್ಲಿ. ಕಿರಿದಾದ ಲಾಕ್‌ಗಳು ಅಕ್ಕಪಕ್ಕ ಜೋಡಿಯಾಗಿ ಮೂರು ಜೋಡಿ ಇವೆ, ನೀವು ಒಂದರಲ್ಲಿ ನಿಧಾನ ಮಾಡ್ತಿದ್ರೆ ಹಿಂದಿನವರು ಪಕ್ಕದ್ದರಲ್ಲಿ ಹೋಗ್ತಾರೆ, ಯಾರೂ ಅವಸರ ಮಾಡಲ್ಲ. ಬೇಸಿಗೆಯಲ್ಲಿ ಕಾಲುವೆ ನೋಡ್ಕೊಳ್ಳೋ ಕೆನಾಲ್ ಅಂಡ್ ರಿವರ್ ಟ್ರಸ್ಟ್‌ನ ವಾಲಂಟಿಯರ್‌ಗಳು ಲೈಫ್‌ಜಾಕೆಟ್ ಹಾಕ್ಕೊಂಡು ಅಲ್ಲಿ ಓಡಾಡ್ತಿರ್ತಾರೆ, ಇವತ್ತೇ ಮೊದಲು ಅಂದ್ರೆ ಪಕ್ಕದಲ್ಲಿ ನಿಂತು ತೋರಿಸ್ತಾರೆ. ಅವರು ಸಹಾಯಕ್ಕೆ ಬಂದಾಗ ಪ್ಯಾಡಲ್ ಅವರೇ ಎತ್ತಿಬಿಡ್ತಾರೆ ಅಂತ ಸುಮ್ಮನಿರಬೇಡಿ, "ನಾನು ಹೇಳಿದ ಮೇಲೆ ಎತ್ತಿ" ಅಂತ ಮೊದಲೇ ಹೇಳಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ, ಬೋಟ್ ನಡೆಸೋರು ಹೇಳೋದನ್ನೇ ಅವರೂ ಕಾಯ್ತಿರ್ತಾರೆ.

ಹಿಂದಿನ ದಿನ ಬೋಟಿಲ್ಲದೆ ಸುಮ್ಮನೆ ನಡೆದು ಹೋಗಿ ಒಂದು ಗಂಟೆ ದಡದ ಹುಲ್ಲಿನ ಮೇಲೆ ಕೂತು ನಾಲ್ಕು ಬೋಟ್ ಹತ್ತಿ ಇಳಿಯೋದು ನೋಡಿ. ಲಾಕ್ ಖಾಲಿ ಆದಾಗ ಮೇಲಿನ ಗೇಟಿನ ಹತ್ತಿರ ಬಗ್ಗಿ, ಸಿಲ್ ಎಲ್ಲೀವರೆಗೆ ಬಂದಿದೆ ಅಂತ ನೋಡಿ, ಆಮೇಲೆ ದಡದ ಮೇಲೆ ಬಿಳಿ ಗೆರೆ ಎಲ್ಲಿದೆ ನೋಡಿ. ಮಕ್ಕಳನ್ನ ಕೈ ಹಿಡಿದು ಕರ್ಕೊಂಡು ಹೋಗಿ ಅವರಿಗೂ ಅದನ್ನ ತೋರಿಸಿ.